ನೃಪತುಂಗನ ಕಾಲದ ಸಂಖ್ಯಾಹಾರ

12345654321. ಈ ಸಂಖ್ಯೆಯನ್ನು ಒಮ್ಮೆ ಎಡದಿಂದ, ಇನ್ನೊಮ್ಮೆ ಬಲದಿಂದ ಓದಿರಿ. ಎರಡೂ ಒಂದೇ! 1,234 ಕೋಟಿಯನ್ನೂ ಮೀರಿದ ಈ ಸಂಖ್ಯೆ ಕಂಪ್ಯೂಟರಿನ ಕೊಡುಗೆಯಲ್ಲ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟದ್ದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಅವರು ಗ್ರಂಥದ ಆರಂಭದಲ್ಲೇ ಹೊಗಳಿದ್ದಾರೆ. ಅಂದರೆ ಇದು ‘ಕವಿರಾಜಮಾರ್ಗ’ದ ಕಾಲದ ಗಣಿತ. ಕನ್ನಡ ಪಾಠದಲ್ಲಿ ನೃಪತುಂಗನನ್ನು ಓದುವ ಮಕ್ಕಳಿಗೆ ಈ ಆಚಾರ್ಯರ ಪರಿಚಯವೂ ಆಗಬೇಡವೆ?

27994681ನ್ನು 441ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ ಎಂಬುದು ಅವರ ಲೆಕ್ಕ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ನಮ್ಮ ದೇವಬಾಗ, ಕಾರವಾರದ ಕಡೆಯ ಅಬ್ಬಲಿಗೆ ದಂಡೆಯೂ ಹಾಗೆಯೇ. ಯಾವ ತುದಿಯಿಂದ ಹಿಡಿದು ನೋಡಿದರೂ ಹೂವಿನ ಸಾಲು ಒಂದೇ ಬಗೆ.

ಆದರೆ ಆ 27994681 ಎಲ್ಲಿಂದ ಬಂತು? ದೊಡ್ಡ ಸಂಖ್ಯೆ ಕಂಡೊಡನೆ ಪೆನ್ನು ಕೆಳಗಿಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಎಂಟಂಕಿಯ ಕ್ಯಾಲ್ಕ್ಯುಲೇಟರೂ ಇಲ್ಲಿ ಕೈಚೆಲ್ಲುತ್ತದೆ. ಹನ್ನೆರಡಂಕಿಯದು ಉತ್ತರ ಹೇಳೀತು, ಕಾರಣ ಹೇಳದು. ಕಾಗದ ತೆಗೆದುಕೊಳ್ಳಿ, ತಂದೆತಾಯಿಯರೂ ಪಕ್ಕದಲ್ಲಿ ಕುಳಿತುಕೊಳ್ಳಲಿ.

ಮೊದಲು 111ನ್ನು 111ರಿಂದ ಗುಣಿಸಿ. ಒಂದರ ಕೆಳಗೊಂದು, ಒಂದೊಂದು ಸ್ಥಾನ ಎಡಕ್ಕೆ ಸರಿದ ಮೂರು 111ಗಳು ಬರುತ್ತವೆ. ಪ್ರತಿ ಕಂಬಸಾಲಿನಲ್ಲಿರುವ ಒಂದುಗಳನ್ನು ಎಣಿಸಿದರೆ 1, 2, 3, 2, 1. ಉತ್ತರ 12321. ಇದೇ ರೀತಿ 111111ರ ವರ್ಗವೇ ಆಚಾರ್ಯರ ಹಾರ. ಒಂಬತ್ತು ಒಂದುಗಳವರೆಗೂ ಈ ಸೊಗಸು ಕೆಡುವುದಿಲ್ಲ. ಹತ್ತು ಒಂದುಗಳಾದಾಗ ನಡುವಿನ ಸಾಲಿನ ಮೊತ್ತ ಹತ್ತು. ಸೊನ್ನೆ ಬರೆದು ಒಂದನ್ನು ಎಡಕ್ಕೆ ಒಯ್ಯಬೇಕು. ಹಾರ ಹರಿಯಿತು: 1234567900987654321.

ಇನ್ನು 111111ನ್ನು ಒಡೆಯೋಣ. ಅದು 111 × 1001. 111 ಎಂದರೆ 3 × 37. 1001 ಎಂದರೆ 7 × 11 × 13. ಒಟ್ಟು ಐದು ಅವಿಭಾಜ್ಯಗಳು. 3 ಮತ್ತು 7ನ್ನು ಒಂದು ಕಡೆ ಇಡಿ: ಗುಣಲಬ್ಧ 21, ಅದರ ವರ್ಗ 441. ಉಳಿದ 11, 13, 37ರ ಗುಣಲಬ್ಧ 5291. ಅದರ ವರ್ಗ 27994681. ಗುಟ್ಟು ರಟ್ಟಾಯಿತು!

ಆರು ಒಂದುಗಳ ಆಯ್ಕೆ ಆಕಸ್ಮಿಕವಲ್ಲವೆಂದೇ ನನಗೆ ತೋರುತ್ತದೆ. ಆರನ್ನು ಎರಡೂ ಮೂರೂ ಭಾಗಿಸುತ್ತವೆ. ಆದ್ದರಿಂದಲೇ 111111ನ್ನು 11 ಮತ್ತು 111 ಭಾಗಿಸುತ್ತವೆ. ಪಕ್ಕದ 11111ರಲ್ಲಿ ಸಿಗುವುದು 41 ಮತ್ತು 271 ಮಾತ್ರ. ಏಳು ಒಂದುಗಳಲ್ಲಿ 239 ಮತ್ತು 4649 ಮಾತ್ರ. ಇವೆರಡರ ವರ್ಗಗಳಿಗೆ ತಲಾ ಒಂಬತ್ತೇ ಭಾಜಕಗಳು. ಆಚಾರ್ಯರ ಹಾರಕ್ಕೋ, 243! (ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ 3 × 3 × 3 × 3 × 3.)

ಅದೇ ಗ್ರಂಥದ ಇನ್ನೊಂದು ಹಾರ 152207 × 73. ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಆ 152207ನ್ನು ಒಡೆಯುವ ಕೆಲಸ ನಿಮ್ಮದು. 11ರಿಂದ ಆರಂಭಿಸಿ.