ನೂರು ಎಂಬಿಪಿಎಸ್ ಇದ್ದರೂ ಮಾತು ತಡವೇಕೆ?

‘ಮನೆಗೆ 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಹಾಕಿಸಿದ್ದೇವೆ. ಆದರೂ ಮಗಳು ವಿಡಿಯೊ ಅಪ್‌ಲೋಡ್‌ಗೆ ಹಾಕಿದಳೆಂದರೆ ನನ್ನ ಆಫೀಸ್ ಮೀಟಿಂಗ್ ತೊದಲುತ್ತದೆ. 200ರ ಪ್ಲ್ಯಾನ್ ತಗೊಳ್ಳಲೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸದ್ಯಕ್ಕೆ ಬೇಡ. ಎಂಬಿಪಿಎಸ್ ಹೇಳುವುದು ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯಬಹುದು ಎಂಬುದನ್ನಷ್ಟೇ. ಕಳಿಸಿದ ದತ್ತಾಂಶದ ಒಂದು ತುಣುಕಿಗೆ (ಪ್ಯಾಕೆಟ್) ಉತ್ತರ ಬರಲು ಹಿಡಿಯುವ ಹೊತ್ತು, ಅಂದರೆ ಲೇಟೆನ್ಸಿ, ಬೇರೆಯೇ ಲೆಕ್ಕ. ಜಾಹೀರಾತುಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಅದಕ್ಕೆ ಪ್ರಕೃತಿಯೇ ಹಾಕಿದ ಗೆರೆಯೂ ಉಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೆಟ್ಟಗೆ ಕೇಬಲ್ ಎಳೆದರೂ ಹೋಗಿಬರಲು 130 ಮಿಲಿಸೆಕೆಂಡು ಬೇಕೇ ಬೇಕು. ‘ಸ್ಪೀಡ್ ಬೂಸ್ಟರ್’ ಆ್ಯಪ್ ಹಾಕಿಕೊಂಡು ಇದನ್ನು ಇಳಿಸುತ್ತೇನೆನ್ನುವವರು ತಾಯಿತ ಕಟ್ಟಿಸಿಕೊಂಡರೂ ಅಷ್ಟೇ ಫಲ.

ಆದರೆ ಈ ಓದುಗರ ಮನೆಯ ತಡಕ್ಕೆ ದೂರ ಕಾರಣವಲ್ಲ. ನನ್ನ ಗುಮಾನಿ ರೌಟರಿನ ಮೇಲೆ.

2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ಮನೆಯಿಂದ ದೊಡ್ಡ ಫೈಲೊಂದನ್ನು ಕಳಿಸುವಾಗ ಲೇಟೆನ್ಸಿ ಒಂದು ಸೆಕೆಂಡನ್ನೂ ದಾಟಿದ್ದು ಕಂಡರು. ಬೆನ್ನು ಹತ್ತಿದಾಗ ಸಿಕ್ಕಿದ್ದು ಸೊಗಸಾದ ವಿಪರ್ಯಾಸ. ಮೆಮೊರಿ ಅಗ್ಗವಾದದ್ದೇ ತಡ, ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದೆಂದು ತಯಾರಕರು ಉಪಕರಣಗಳಲ್ಲಿ ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯುವ ಜಾಗ, ಇಟ್ಟರು. ಆದರೆ ಕಳಿಸುವ ಕಂಪ್ಯೂಟರಿಗೆ ‘ನಿಧಾನಿಸು’ ಎಂಬ ಸೂಚನೆ ಸಿಗುವುದೇ ಪ್ಯಾಕೆಟ್ ಕಳೆದಾಗ! ಬಫರ್ ಏನನ್ನೂ ಬಿಸಾಡದಿದ್ದರೆ ಕಂಪ್ಯೂಟರ್ ಸುರಿಯುತ್ತಲೇ ಇರುತ್ತದೆ, ಸರದಿ ಬೆಳೆಯುತ್ತಲೇ ಹೋಗುತ್ತದೆ. ಅಪ್‌ಲೋಡ್ ಮಿತಿ 8 ಎಂಬಿಪಿಎಸ್, ಬಫರ್ 1 ಮೆಗಾಬೈಟ್ ಎಂದುಕೊಳ್ಳಿ. ಅದು ತುಂಬಿದಾಗ ಕೊನೆಯಲ್ಲಿ ನಿಂತ ಪ್ಯಾಕೆಟ್ ಒಂದು ಪೂರ್ತಿ ಸೆಕೆಂಡು ಕಾಯಬೇಕು. ನಿಮ್ಮ ‘ಹಲೋ’ ನಿಲ್ಲುವುದೂ ಅಲ್ಲೇ, ಮಗಳ ವಿಡಿಯೊದ ಹಿಂದೆ. ಗೆಟ್ಟಿಸ್ ಈ ರೋಗವನ್ನು ‘ಬಫರ್‌ಬ್ಲೋಟ್’ ಎಂದು ಕರೆದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ‘ಕೋಡೆಲ್’ ಎಂಬ ಮದ್ದು ಕಂಡುಹಿಡಿದರು. ಅದು ಸರದಿ ಎಷ್ಟು ಉದ್ದವಿದೆ ಎಂದು ನೋಡುವುದೇ ಇಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಇಳಿಯದೆ ಮುಂದುವರಿದರೆ ಒಂದೊಂದನ್ನೇ ಬಿಸಾಡತೊಡಗುತ್ತದೆ. ಬಿಸಾಡಿಯೇ ವೇಗ ಉಳಿಸುವ ಈ ಜಾಣತನ ನನಗೆ ಬಲು ಮೆಚ್ಚು.

ಪರೀಕ್ಷೆ ಮನೆಯಲ್ಲೇ ಆದೀತು. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರಲ್ಲಿ ಬರೆದ, ಲೇಟೆನ್ಸಿ ಅಳೆಯುವ ‘ಪಿಂಗ್’ ತಂತ್ರಾಂಶ ಈಗ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಕಮಾಂಡ್ ಕಿಟಕಿ ತೆರೆದು, ಪಿಂಗ್ ಎಂದು ಟೈಪಿಸಿ, ಮುಂದೆ 8.8.8.8 (ಗೂಗಲ್‌ನ ಸರ್ವರ್ ವಿಳಾಸ) ಕೊಡಿ. ವಿಂಡೋಸ್‌ನಲ್ಲಿ ನಾಲ್ಕು ಸಾಲು ಬಂದು ನಿಲ್ಲುತ್ತವೆ. ಪ್ರತಿ ಸಾಲಿನಲ್ಲೂ ಮಿಲಿಸೆಕೆಂಡಿನ ಅಂಕಿಯಿರುತ್ತದೆ. ವೈಫೈ ತನ್ನ ತಡವನ್ನೂ ಸೇರಿಸುವುದರಿಂದ ಕೇಬಲ್ ಚುಚ್ಚಿಯೇ ನೋಡಿ. ಒಮ್ಮೆ ಸುಮ್ಮನಿದ್ದಾಗ, ಇನ್ನೊಮ್ಮೆ ಅಪ್‌ಲೋಡ್ ನಡೆಯುವಾಗ. 20 ಇದ್ದದ್ದು 600ಕ್ಕೆ ಹಾರಿದರೆ ರೋಗ ಇದೇ. ರೌಟರಿನ ಸೆಟ್ಟಿಂಗ್‌ನಲ್ಲಿ ಕೋಡೆಲ್‌ನಂಥ ಮದ್ದನ್ನು ಬಳಸುವ ‘ಎಸ್‌ಕ್ಯೂಎಂ’ ಇದ್ದರೆ ಚಾಲೂ ಮಾಡಿ. ಇಲ್ಲದಿದ್ದರೆ ಅಪ್‌ಲೋಡ್ ಮಿತಿಯನ್ನು ತುಸು ತಗ್ಗಿಸಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದಾದರೆ ‘ನೆಟ್ ಸ್ಲೋ’ ಎನ್ನಬೇಡಿ. ಈ ಎರಡು ಅಂಕಿ ಹೇಳಿ.