ಕಾಣದ ಎಲುಬನ್ನು ಓದುವ ವಿದ್ಯೆ

ಬೇಸಿಗೆಯ ರಜೆಯಲ್ಲಿ ಸೀಬೆಯ ಮರದಿಂದಲೋ ಜಗಲಿಯ ಕಟ್ಟೆಯಿಂದಲೋ ಜಾರಿದ ಮಗು, ಆತ್ಮರಕ್ಷಣೆಯ ಸಹಜಪ್ರೇರಣೆಯಿಂದ ಅಂಗೈಯನ್ನು ಮುಂದಕ್ಕೆ ಚಾಚಿ ನೆಲಕ್ಕೆ ಊರುತ್ತದೆ. ಅಂಗೈಗೆ ತಾಗಿದ ಪೆಟ್ಟು ಮುಂಗೈಯನ್ನು ಹಾಯ್ದು ಮೇಲೇರಿ, ತೋಳೆಲುಬು ಅತ್ಯಂತ ದುರ್ಬಲವಾಗಿರುವ ಮೊಣಕೈಯ ಮೇಲ್ಭಾಗದಲ್ಲಿ ತನ್ನ ಬಲವನ್ನೆಲ್ಲ ತೀರಿಸಿಕೊಳ್ಳುತ್ತದೆ. ಕೈ ಮಡಚುವುದಕ್ಕೂ ಚಾಚುವುದಕ್ಕೂ ಎಡೆಯಾಗಲೆಂದು ಪ್ರಕೃತಿಯು ಅಲ್ಲಿ ಹಿಂದೊಂದು ಮುಂದೊಂದು ಕುಳಿಯನ್ನಿರಿಸಿರುವುದರಿಂದ, ಅವೆರಡರ ನಡುವಿನ ಎಲುಬು ತೆಳ್ಳನೆಯ ಹಲ್ಲೆಯಂತೆ ಉಳಿದಿರುತ್ತದೆ. 5ರಿಂದ 7 ವರ್ಷದ ಆಸುಪಾಸಿನ ಮಕ್ಕಳ ಮೊಣಕೈಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಬರುವ ಮುರಿತ ಇಲ್ಲಿಯದೇ. “ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿದರೆ ಹೋದೀತು” ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದೂ, ಅನೇಕವೇಳೆ, ಇದೇ ಮುರಿತಕ್ಕೆ.

ಬಲ್ಲ ವೈದ್ಯರು ಊದಿದ ಎಡೆಯನ್ನು ಮೊದಲು ಮುಟ್ಟುವುದಿಲ್ಲ. ಮಗು ಕೈಯನ್ನು ಹೇಗೆ ಹಿಡಿದುಕೊಂಡಿದೆಯೆಂಬುದನ್ನು ನೋಡಿ, ಮಣಿಕಟ್ಟಿನ ನಾಡಿಯನ್ನೂ ಬೆರಳುಗಳ ಬಿಸುಪನ್ನೂ ಪರೀಕ್ಷಿಸಿ, ಅನಂತರ, “ಪುಟ್ಟಾ, ಹೆಬ್ಬೆರಳು ಎತ್ತು, ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡು, ಈಗ ಬೆರಳನ್ನೆಲ್ಲ ಅಗಲಿಸು” ಎಂದು ಆಟವಾಡಿಸುವರು. ಆಟದಂತೆ ತೋರುವ ಈ ಮೂರು ಆಜ್ಞೆಗಳು ಮೊಣಕೈಯ ಬಳಿ ಹಾಯುವ ಮೂರು ಪ್ರಧಾನ ನರಗಳ ಪರೀಕ್ಷೆಗಳೇ ಆಗಿವೆ.

1895ರಲ್ಲಿ ರಾಂಟ್ಜನ್ ಕಂಡುಹಿಡಿದ ಕ್ಷ-ಕಿರಣ ಒದಗಿ ಬರುವುದು ಇದಾದ ಮೇಲೆ. ಆದರೆ ಎಳೆಯರ ಮೊಣಕೈಯ ಬಹುಭಾಗ ಇನ್ನೂ ಮೃದ್ವಸ್ಥಿ. ಅದು ಚಿತ್ರದಲ್ಲಿ ಗೋಚರಿಸದು. ಎಳನೀರಿನೊಳಗಿನ ಗಂಜಿ ಕ್ರಮೇಣ ಗಟ್ಟಿ ಕಾಯಾಗುವಂತೆ, ಅದರೊಳಗೆ ಆರು ಎಡೆಗಳಲ್ಲಿ, ಸುಮಾರು 1, 3, 5, 7, 9, 11ನೆಯ ವರ್ಷಗಳಲ್ಲಿ, ಎಲುಬಿನ ಬೀಜಗಳು ಒಂದರ ತರುವಾಯ ಒಂದು ಮೊಳೆಯುತ್ತವೆ. ವಯಸ್ಸು ಮಗುವಿನಿಂದ ಮಗುವಿಗೆ ಹೆಚ್ಚುಕಡಮೆಯಾದೀತು. ಅನುಕ್ರಮ ಮಾತ್ರ ಬಹುಮಟ್ಟಿಗೆ ತಪ್ಪದು. ಒಳಮಗ್ಗುಲ ಗುಬುಟಿನ ಬೀಜವು ಮೂರನೆಯದು, ಅದರ ಪಕ್ಕದ ರಾಟೆಯಾಕಾರದ ತುದಿಯ ಬೀಜವು ನಾಲ್ಕನೆಯದು. ನಾಲ್ಕನೆಯದು ಕಂಡಂತಾಗಿ ಮೂರನೆಯದು ತನ್ನ ಸ್ಥಾನದಲ್ಲಿ ಇಲ್ಲವಾದರೆ, ಕಂಡದ್ದು ನಾಲ್ಕನೆಯದಲ್ಲ, ಕಿತ್ತುಬಂದು ಕೀಲಿನೊಳಗೆ ಸಿಕ್ಕಿಕೊಂಡ ಮೂರನೆಯದೇ ಇರಬಹುದೆಂದು ಅರಿತವರು ಶಂಕಿಸುವರು.

ಹೀಗೆಯೇ, ಪಕ್ಕದಿಂದ ತೆಗೆದ ಚಿತ್ರದಲ್ಲಿ ತೋಳೆಲುಬಿನ ಮುಂಬದಿಯ ಗುಂಟ ಎಳೆದ ಗೆರೆಯು ಸಾಮಾನ್ಯವಾಗಿ ಅದರ ಗುಂಡುತುದಿಯ ನಡುಭಾಗವನ್ನು ಹಾಯಬೇಕು. ಮುರಿದ ತುಣುಕು ಹಿಂದೆ ಸರಿದಿದ್ದರೆ ಗೆರೆ ಅದರ ಮುಂದೆಯೇ ಹೊರಟುಹೋಗುತ್ತದೆ. ಬಿರುಕೇ ಕಾಣದಿರುವಾಗಲೂ, ಹಿಂದಿನ ಕುಳಿಯಲ್ಲಿ ಅಡಗಿರಬೇಕಾದ ಕೊಬ್ಬಿನ ಪದರವು ಕೀಲಿನೊಳಗೆ ತುಂಬಿದ ರಕ್ತದಿಂದ ಮೇಲೆತ್ತಲ್ಪಟ್ಟು ಕಪ್ಪು ನೆರಳಾಗಿ ತೋರಿದರೆ, ಮುರಿತ ಒಳಗೆ ಅವಿತಿದೆಯೆಂದು ಊಹಿಸುವರು.

ಚಿತ್ರವೇ ಬೇಡವಾದ ಸಂದರ್ಭವೂ ಒಂದುಂಟು. 1ರಿಂದ 4 ವರ್ಷದ ಕೂಸನ್ನು ರಸ್ತೆ ದಾಟಿಸುವಾಗ ಹಿರಿಯರು ಕೈಹಿಡಿದು ಥಟ್ಟನೆ ಸೆಳೆದರೆ, ಮುಂಗೈಯ ಒಂದು ಎಲುಬಿನ ತಲೆಯನ್ನು ಬಳಸಿರುವ ಬಳೆಯಂತಹ ಕಟ್ಟು ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಊತವಿಲ್ಲ, ಕೂಸು ಕೈಯನ್ನು ಇಳಿಬಿಟ್ಟು ಸುಮ್ಮನಿರುತ್ತದೆ. ಬಲ್ಲವರು ಮುಂಗೈಯನ್ನು ತಿರುಗಿಸಿದೊಡನೆ ಸಣ್ಣದೊಂದು ‘ಟಿಕ್’ ಕೈಗೆ ತಿಳಿಯುವುದುಂಟು. ಸ್ವಲ್ಪ ಹೊತ್ತಿನಲ್ಲಿ ಕೂಸು ಅದೇ ಕೈಯಿಂದ ಆಟಿಕೆ ಹಿಡಿಯುತ್ತದೆ. ಮುರಿದ ಕೈಯನ್ನು ಹೀಗೆ ತಿರುಗಿಸಿದರಾದರೋ ಅನರ್ಥ. ಆದುದರಿಂದ ಮಗು ಬಿದ್ದಿತೋ, ಯಾರಾದರೂ ಎಳೆದರೋ ಎಂಬುದನ್ನು ಅಳುಕದೆ ಉಳ್ಳದ್ದು ಉಳ್ಳಂತೆ ಹೇಳುವುದು ತಂದೆತಾಯಿಗಳ ಮೊದಲ ಕರ್ತವ್ಯ.

ರಕ್ತಸಂಚಾರ ಕುಂದಿದ ಮುಂಗೈಯ ಮಾಂಸಖಂಡಗಳು ಶಾಶ್ವತವಾಗಿ ಸೆಡೆತುಕೊಳ್ಳುವುದನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿಯೇ ವರ್ಣಿಸಿದ್ದನು. ಊದುತ್ತಿರುವ ಕೈಗೆ ದಬ್ಬೆಯಿಟ್ಟು ಬಿಗಿದ ಕಟ್ಟು ಇಂದಿಗೂ ಆ ಗತಿಯನ್ನು ತರಬಲ್ಲುದು. ನೋವು ಏರುತ್ತ ಹೋದರೆ, ಬೆರಳನ್ನು ಬಿಡಿಸಿದಾಗ ಮಗು ಚೀರಿದರೆ, ಬೆರಳು ತಣ್ಣಗಾದರೆ, ಬೆಳಗಾಗಲೆಂದು ಕಾಯಲಾಗದು. ಚಿತ್ರ ತೆಗೆದು, ಎಲುಬು ಕೂಡಿಸಿ, ಪಟ್ಟಿ ಹಾಕಿದ ಮೇಲೂ ವೈದ್ಯರು ಮಂಚದ ಬಳಿ ಬಂದು, “ಎಲ್ಲಿ, ಇನ್ನೊಮ್ಮೆ ಉಂಗುರ ಮಾಡು” ಎಂದು ಕೇಳುವುದು ಈ ಕಾರಣದಿಂದಲೇ.