ಬೇಸಿಗೆಯಲ್ಲಿ ಗುಡ್ಡದ ಓಟ: ಹೊರಡುವ ಮುನ್ನ ತಿಳಿದಿರಲಿ

ಪರೀಕ್ಷೆ ಮುಗಿದಿದೆ. ಫಜ್ರ್ ನಮಾಝ್ ಮುಗಿಸಿ ಗೆಳೆಯರ ಜೊತೆ ಗುಡ್ಡದ ಕಡೆ ಓಡಲು ಹೋಗುವವರು ನಮ್ಮಲ್ಲೂ ಇದ್ದಾರೆ. ಡಾಂಬರು ರಸ್ತೆ, ಮೈದಾನ ಬಿಟ್ಟು ಮಣ್ಣು, ಕಲ್ಲು, ಬೇರುಗಳಿರುವ ಕಾಲುದಾರಿಯಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ಇದು ಒಳ್ಳೆಯ ವ್ಯಾಯಾಮ. ಆದರೆ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಚ್ಚರ ತಪ್ಪಿದರೆ ಆರೋಗ್ಯವಂತ ಯುವಕರ ಪ್ರಾಣಕ್ಕೂ ಅಪಾಯ ತರಬಲ್ಲದು.

ಬಿಸಿ ಎಲ್ಲಿಂದ ಬರುತ್ತದೆ?

ಬಿಸಿಲಿನಿಂದ ಮಾತ್ರವಲ್ಲ, ನಮ್ಮ ಸ್ನಾಯುಗಳಿಂದಲೂ ಬರುತ್ತದೆ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಲನೆಗೆ ಸಿಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಮೈಗೆ ಗಾಳಿಯಾದರೂ ತಾಗುತ್ತದೆ. ಗುಡ್ಡ ಏರುವಾಗ ವೇಗ ಕಡಿಮೆ, ಗಾಳಿಯೂ ಕಡಿಮೆ. ಶ್ರಮ ಮಾತ್ರ ಹೆಚ್ಚು. ಹಾಗಾಗಿ ಏರು ಬಂದಾಗ ನಡೆಯುವುದರಲ್ಲಿ ನಾಚಿಕೆಯೇನಿಲ್ಲ.

ಈ ಶಾಖವನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ದೇಹದಿಂದ ಹೋಗುತ್ತದೆ. ಆದರೆ ಆವಿಯಾದ ಬೆವರಿಗೆ ಮಾತ್ರ ಈ ಲೆಕ್ಕ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು, ಉಪ್ಪು ನಷ್ಟವಾಗುತ್ತದೆಯೇ ಹೊರತು ತಂಪಾಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಅದಕ್ಕೇ ಇಲ್ಲಿ 33 ಡಿಗ್ರಿಯೂ ಉಸಿರುಗಟ್ಟಿಸುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ತಕ್ಷಣ ಆರುತ್ತದೆ. ಅಲ್ಲಿ ಎಷ್ಟು ನೀರು ಕಳೆದುಕೊಂಡೆವೆಂಬುದೇ ಗೊತ್ತಾಗುವುದಿಲ್ಲ.

ದೇಹ ಒಗ್ಗಿಕೊಳ್ಳಲಿ

ಸೆಕೆಗೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಆಗ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನ 15-20 ನಿಮಿಷ ಸಾಕು. ನಂತರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಗಾರ್ಡಿ ಐನ್‌ಸ್ಲೀ ಎಂಬವರು 100 ಮೈಲಿಯ ಕುದುರೆ ಸ್ಪರ್ಧೆಯಲ್ಲಿ ಕುದುರೆಯಿಲ್ಲದೆ ಓಡಿ, 24 ಗಂಟೆಯೊಳಗೆ ಮುಗಿಸಿದರು. ಇಂದಿನ ಪ್ರಸಿದ್ಧ ವೆಸ್ಟರ್ನ್ ಸ್ಟೇಟ್ಸ್ ಓಟಕ್ಕೆ ಅದೇ ನಾಂದಿ. ಅಲ್ಲಿನ ಕಣಿವೆಗಳ ಬಿಸಿಯಲ್ಲಿ ಇಂದಿಗೂ ಅನುಭವಿ ಓಟಗಾರರು ಟೋಪಿಯೊಳಗೆ, ಕುತ್ತಿಗೆಯ ಬಟ್ಟೆಯೊಳಗೆ ಮಂಜುಗಡ್ಡೆ ಇಟ್ಟುಕೊಳ್ಳುತ್ತಾರೆ, ಹೊಳೆಯಲ್ಲಿ ಮೈ ನೆನೆಸಿಕೊಳ್ಳುತ್ತಾರೆ. ಅಂಥವರೇ ಬಿಸಿಯ ಜೊತೆ ಹಠಕ್ಕೆ ಬೀಳುವುದಿಲ್ಲ.

ನೀರು ಎಷ್ಟು?

ಬಾಯಾರಿದಂತೆ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನು ಅತಿಯಾಗಿ ಕುಡಿದರೂ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಗಂಟೆಗಿಂತ ಹೆಚ್ಚು ಓಡುವವರಿಗೆ ಒಆರ್‌ಎಸ್ ಒಳ್ಳೆಯದು. ಲೀಟರಿನ ಪ್ಯಾಕೆಟ್ ಇದ್ದರೆ ಅದನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ.

ಉಪವಾಸದ ದಿನಗಳಲ್ಲಿ

ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಅದು ಎಲ್ಲ ಋತುಗಳಲ್ಲೂ ಬರುತ್ತದೆ. ಬೇಸಿಗೆಯ ಉಪವಾಸದಲ್ಲಿ ಹಗಲು ಗುಡ್ಡದ ಓಟ ಬೇಡ. ಸಹರಿಯ ನಂತರ ಓಡಿ ಬೆವರು ಹರಿಸಿದರೆ ಆ ನೀರನ್ನು ಇಫ್ತಾರ್‌ವರೆಗೆ ತುಂಬಿಸಲಾಗದು. ಇಫ್ತಾರ್ ಆಗಿ ಒಂದೆರಡು ಗಂಟೆಯ ಬಳಿಕ ಬೆಳಕಿರುವ ಮೈದಾನದಲ್ಲಿ ಹಗುರವಾಗಿ ಓಡಿದರೆ ಸಾಕು. ಪ್ರಾಣಾಪಾಯವಿದ್ದಾಗ ಉಪವಾಸ ಮುರಿಯಲು ಧರ್ಮದಲ್ಲಿ ಅನುಮತಿಯಿದೆ. ನೀರು ಕೊಡಲು ಹಿಂಜರಿಯಬೇಡಿ.

ಜೊತೆಗಾರ ಕುಸಿದರೆ

ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡರೆ ಓಟ ನಿಲ್ಲಿಸಿ, ನೆರಳಿಗೆ ಬನ್ನಿ. ಮಾತು ತೊದಲಿದರೆ, ನಡೆ ತೂರಾಡಿದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬಂದರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಆಗ ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. "ಬೆವರುತ್ತಿದ್ದಾನೆ, ಏನೂ ಆಗಿಲ್ಲ" ಎಂದುಕೊಳ್ಳಬೇಡಿ. ಓಟಗಾರರಲ್ಲಿ ಹೀಟ್ ಸ್ಟ್ರೋಕ್ ಆದಾಗಲೂ ಬೆವರು ಇರಬಹುದು.

ಒಬ್ಬರು 108ಕ್ಕೆ ಕರೆ ಮಾಡಿ. ಉಳಿದವರು ಆ ಕ್ಷಣದಿಂದಲೇ ತಂಪು ಮಾಡಲು ಶುರು ಮಾಡಿ. ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯುವ ನಿಮಿಷಗಳೇ ಜೀವಕ್ಕೆ ಎರವಾಗುತ್ತವೆ.

ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ಮನೆಯಲ್ಲಿ ಹೇಳಿ. ಬಿಸಿಲು ಏರುವ ಮುನ್ನ ಕೆಳಗಿಳಿಯಿರಿ. ಗೆಳೆಯನೊಬ್ಬ "ಸಾಕು" ಎಂದರೆ ಗೇಲಿ ಮಾಡದೆ ಎಲ್ಲರೂ ಅವನ ಜೊತೆಗೇ ಹಿಂದಿರುಗಿ.